ಪ್ರೇಮಕಥೆ ಅಂತ ಪಕ್ಕಕ್ಕಿಟ್ಟ ಐತಿಹಾಸಿಕ ಕಾದಂಬರಿಗಳೇ ಅಲ್ವಾ ಕನ್ನಡಕ್ಕೆ ಓದುಗರನ್ನು ತಂದಿದ್ದು?

ತುಂಗೆದಡ
ಹೋದ ವಾರ ಅಟ್ಟ ಗುಡಿಸುವಾಗ ಅಜ್ಜಿಯ ಟ್ರಂಕು ಕೆಳಗಿಳಿಸಿದೆವು. ಅದರಲ್ಲಿ ಗಳಗನಾಥರ ‘ಮಾಧವ ಕರುಣಾ ವಿಲಾಸ’ ಸಿಕ್ಕಿತು, ವಿಜಯನಗರ ಹುಟ್ಟಿದ ಕಥೆ ಹೇಳುವ ಕಾದಂಬರಿ. ರಟ್ಟು ಹೋಗಿದೆ. ಬೆನ್ನಿಗೆ ಹಳೇ ಸೀರೆಯ ಅಂಚು ಕತ್ತರಿಸಿ ಗೋಂದು ಹಚ್ಚಿ ಅಂಟಿಸಿದ್ದಾರೆ. ಕೊನೆಯ ಒಂದಷ್ಟು ಹಾಳೆಗಳೇ ಇಲ್ಲ. ಅಜ್ಜಿ ಶಾಲೆಗೆ ಹೋಗಿದ್ದು ಮೂರೇ ವರ್ಷ. ಆದರೂ ಆ ದಪ್ಪ ಪುಸ್ತಕವನ್ನು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅಕ್ಕಪಕ್ಕದ ಹೆಂಗಸರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರಂತೆ. ಹಾಳೆ ಮುಗಿದಲ್ಲಿಂದ ಮುಂದಕ್ಕೆ ತಾವೇ ಕಥೆ ಹೇಳುತ್ತಿದ್ದರಂತೆ. ಅಮ್ಮ ಹೇಳುವ ಪ್ರಕಾರ ಆ ಕೊನೆ ಒಂದೊಂದು ಸಲ ಒಂದೊಂದು ಥರ ಇರುತ್ತಿತ್ತು.

ನನ್ನ ಪ್ರಶ್ನೆ ಇಷ್ಟು. ನಾನು ಎಂ.ಎ. ಓದುವಾಗ ಕಾದಂಬರಿ ಚರಿತ್ರೆಯ ಪಾಠದಲ್ಲಿ ಬಿ. ವೆಂಕಟಾಚಾರ್ಯ, ಗಳಗನಾಥ ಇಬ್ಬರಿಗೂ ಸೇರಿ ಅರ್ಧ ಪುಟ. ‘ರಂಜನೆ’, ‘ಅನುವಾದ’, ‘ಪ್ರೇಮ ಮತ್ತು ಶೌರ್ಯ’ ಅಂತ ಮೂರು ಮಾತು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಆದರೆ ನನ್ನ ಅಜ್ಜಿಗೆ ಹಂಪಿ ಅಂದರೆ ಏನು ಅಂತ ಗೊತ್ತಾಗಿದ್ದು ಯಾವ ಪಾಠದಿಂದಲೂ ಅಲ್ಲ, ಈ ಪುಸ್ತಕದಿಂದ. ಕನ್ನಡ ನಾಡು ಒಂದು ಅನ್ನೋ ಭಾವನೆ ನಕ್ಷೆಗಿಂತ ಮೊದಲು ಇಂಥ ಕಥೆಗಳಲ್ಲಿ ಬಂತು ಅಂತ ನನಗೆ ಅನಿಸುತ್ತದೆ. ನೀವೇನಂತೀರಿ?

ಬೆಳವಲದಾಂವ
ಪೂರ್ತಿ ಒಪ್ಪಿದೆ. ನಮ್ಮ ಕಡೆ ಇದು ಸುಮ್ನೆ ಸಾಹಿತ್ಯದ ಮಾತಲ್ಲ. ಧಾರವಾಡ ಕಡೆಯ ಜನ ಆಗ ಮುಂಬೈ ಪ್ರಾಂತ್ಯದಲ್ಲಿ ಇದ್ದರು. ಮರಾಠಿಯ ಪ್ರಭಾವ ಎಷ್ಟಿತ್ತು ಅಂದರೆ ಕನ್ನಡದವರೇ ಮನೆಯಲ್ಲಿ ಮರಾಠಿ ಪುಸ್ತಕ ಓದುತ್ತಿದ್ದರು. ಗಳಗನಾಥರು (ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಗಳಗನಾಥ ಅವರ ಊರು) ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಬರೆದದ್ದೂ ಅವರೇ, ಹೊತ್ತದ್ದೂ ಅವರೇ. ಅಂಥವರಿಗೆ ಅರ್ಧ ಪುಟ ಅಂದರೆ ಸಂಕಟ ಆಗುತ್ತದೆ.

ಪುಟತಿರುವು
ಸೀರೆ ಅಂಚಿನ ಬೈಂಡಿಂಗ್ ಫೋಟೋ ಹಾಕಿ ಪ್ಲೀಸ್.

ನವ್ಯದೋದುಗ
ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಓದುಗರನ್ನು ತಂದಿದ್ದು ನಿಜ. ಆದರೆ ಓದುಗರನ್ನು ತರೋದು ಬೇರೆ, ಸಾಹಿತ್ಯ ಕಟ್ಟೋದು ಬೇರೆ. ಆ ಪುಸ್ತಕಗಳ ಮಾತು ತೆಗೆದು ನೋಡಿ. ಪ್ರೇಮಿಗಳು ನಾಟಕದ ಪಾತ್ರಗಳ ಹಾಗೆ ಮಾತಾಡುತ್ತಾರೆ. ನಾಯಕಿ ಅಂದರೆ ಚಂದ್ರಮುಖಿ. ಖಳ ಬಂದರೆ ಅವನು ಬೇರೆ ಧರ್ಮದವನೇ ಆಗಿರಬೇಕು. 1899ರಲ್ಲೇ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಬರೆದು ತಮ್ಮ ಕಣ್ಣೆದುರಿನ ಸಮಾಜವನ್ನು ತೋರಿಸಿದ್ದರು. ‘ಚೋಮನ ದುಡಿ’ 1933ರಲ್ಲಿ ಬಂತು. ನಮ್ಮ ಕಾದಂಬರಿಯ ನಿಜವಾದ ದಾರಿ ಅದು. ರಾಜಕುಮಾರಿಯರ ದಾರಿ ಅಲ್ಲ.

ತುಂಗೆದಡ
ಬೇಸರ ಏನಿಲ್ಲ ಸರ್. ಆದರೆ ‘ಇಂದಿರಾಬಾಯಿ’ ಓದುವಷ್ಟು ಅಭ್ಯಾಸ ಜನರಿಗೆ ಎಲ್ಲಿಂದ ಬಂತು? ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದಿದ್ದು 1885ರಲ್ಲಿ. ಕಾದಂಬರಿ ಅನ್ನೋ ವಸ್ತುವನ್ನು ಕೈಯಲ್ಲಿ ಹಿಡಿದು, ಮುಂದೇನಾಯಿತು ಅಂತ ರಾತ್ರಿ ದೀಪ ಆರಿಸದೆ ಕೂರೋದನ್ನು ಕಲಿಸಿದ್ದು ಅವರು.

ಪಾಠಮಾಡುವವ
ಬೇರೆ ಧರ್ಮದವರೆಲ್ಲ ಖಳರು ಅನ್ನೋ ಮಾತಿಗೆ ಒಂದು ತಿದ್ದುಪಡಿ. ಇದೇ ‘ದುರ್ಗೇಶನಂದಿನಿ’ಯನ್ನೇ ತೆಗೆದುಕೊಳ್ಳಿ. ಜಗತ್ಸಿಂಹ ರಜಪೂತ. ಅವನು ಮದುವೆಯಾಗೋದು ತಿಲೋತ್ತಮೆಯನ್ನು. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯೋದು ಪಠಾಣರ ಹುಡುಗಿ ಆಯೇಷಾ. ಗಾಯಗೊಂಡು ಸೆರೆಯಲ್ಲಿದ್ದ ಶತ್ರುವಿಗೆ ಔಷಧಿ ಹಚ್ಚಿ ಬದುಕಿಸುತ್ತಾಳೆ. ತನ್ನನ್ನು ಪ್ರೀತಿಸುವ ಉಸ್ಮಾನನ ಎದುರೇ ನಿಂತು, ಈ ಸೆರೆಯಾಳೇ ನನ್ನ ಪ್ರಾಣ ಅಂತ ಹೇಳಿಬಿಡುತ್ತಾಳೆ. ಆಮೇಲೆ ಅವನ ಮದುವೆಯಲ್ಲಿ ವಧುವಿಗೆ ತಾನೇ ಒಡವೆ ಕೊಡುತ್ತಾಳೆ. ಆ ದೃಶ್ಯ ಪಾಠ ಮಾಡಿದ ದಿನ ತರಗತಿಯಲ್ಲಿ ಒಬ್ಬರೂ ಪಿಸುಗುಡಲಿಲ್ಲ.

ಇನ್ನೊಂದು ಸಂಗತಿ. ಬಂಗಾಳಿಯ ಆ ಕಾದಂಬರಿ ಬಂದಿದ್ದು 1865ರಲ್ಲಿ. ಅದೇ ವರ್ಷ ಬ್ರೆಜಿಲ್‌ನಲ್ಲಿ ಜೋಸೆ ದೆ ಅಲೆಂಕಾರ್ ‘ಇರಾಸೆಮಾ’ ಬರೆದರು. ಅಲ್ಲಿಯ ಮೂಲನಿವಾಸಿ ಹುಡುಗಿ, ಪೋರ್ಚುಗೀಸ್ ಸೈನಿಕ. ಅವರಿಬ್ಬರು ಒಂದಾಗುತ್ತಾರೆ, ಮಗು ಹುಟ್ಟುತ್ತದೆ, ತಾಯಿ ಸಾಯುತ್ತಾಳೆ. ಆ ಮಗುವೇ ಹೊಸ ನಾಡು ಅನ್ನೋ ಅರ್ಥ. ಒಬ್ಬರನ್ನೊಬ್ಬರು ಓದಿರದ ಇಬ್ಬರು, ಭೂಮಿಯ ಎರಡು ತುದಿಯಲ್ಲಿ ಕೂತು, ನಾಡು ಯಾರದು ಅನ್ನೋ ಪ್ರಶ್ನೆಯನ್ನು ಪ್ರೀತಿಯ ಕಥೆಯಾಗಿ ಬರೆದರು. ಬಂಗಾಳದಲ್ಲಿ ಆ ಕೂಡಿಕೆ ಆಗಲಿಲ್ಲ. ಆಯೇಷಾ ಹೊರಗೇ ಉಳಿದಳು. ಇದನ್ನು ಬರೀ ರಂಜನೆ ಅನ್ನೋಕೆ ಹೇಗೆ ಮನಸ್ಸು ಬರುತ್ತದೆ?

ನವ್ಯದೋದುಗ
ಆಯೇಷಾ ವಿಷಯ ಒಪ್ಪಿಕೊಂಡೆ. ಆದರೆ ಅದು ಬಂಕಿಮರದ್ದು. ನಮ್ಮದೇನು?

ಬೆಳವಲದಾಂವ
ಒಳ್ಳೆ ಪ್ರಶ್ನೆ. ಶುರುವಿನಲ್ಲಿ ನಮ್ಮದು ಎರವಲು ಅಭಿಮಾನವೇ. ವೆಂಕಟಾಚಾರ್ಯರ ಮೂಲಕ ರಜಪೂತರಿಗೆ ಜೈ ಅಂದೆವು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಗಳಗನಾಥರು ತಂದಾಗ ಮರಾಠ ವೀರರಿಗೆ ಜೈ ಅಂದೆವು. ಕನ್ನಡದ ಅಕ್ಷರದಲ್ಲಿ ಬೇರೆಯವರ ಕೋಟೆ, ಬೇರೆಯವರ ಕುದುರೆ. ಆಮೇಲೆ 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ನಮಗೂ ಚಾಲುಕ್ಯರಿದ್ದರು, ರಾಷ್ಟ್ರಕೂಟರಿದ್ದರು ಅಂತ ಒಬ್ಬರು ಗಟ್ಟಿಯಾಗಿ ಹೇಳಿದರು. 1923ರಲ್ಲಿ ಗಳಗನಾಥರು ವಿಜಯನಗರ ಹುಟ್ಟಿದ ಕಥೆ ಬರೆದರು, ಇದೇ ‘ಮಾಧವ ಕರುಣಾ ವಿಲಾಸ’. ಆ ಆರು ವರ್ಷದಲ್ಲಿ ಏನಾಯಿತು ನೋಡಿ. ಎರವಲು ತಂದವರು ಸ್ವಂತ ಮನೆ ಕಟ್ಟಿದರು.

ಶಾಸನಹುಚ್ಚು
ಕಟ್ಟಿದ ಮನೆಯ ಪಾಯ ನೋಡಬೇಕಲ್ಲ. ವಿಜಯನಗರ ಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರದ ಬಗ್ಗೆ ಇತಿಹಾಸಕಾರರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಕಾದಂಬರಿ ಓದಿದವರಿಗೆ ಅದು ಕಣ್ಣಾರೆ ಕಂಡ ಸತ್ಯ. ನನಗೆ ಭಯ ಇರೋದು ಇಲ್ಲೇ. ಕಥೆ ಚೆನ್ನಾಗಿದ್ದಷ್ಟೂ ಶಾಸನ ಮರೆಯಾಗುತ್ತದೆ.

ಶಾಂತಲೆಯನ್ನೇ ತೆಗೆದುಕೊಳ್ಳಿ. ನಮ್ಮ ಜನರ ಮನಸ್ಸಿನಲ್ಲಿ ಅವಳು ಯಾರು? ನಾಟ್ಯರಾಣಿ, ತ್ಯಾಗಮಯಿ, ಗಂಡನಿಗಾಗಿ ಎಲ್ಲ ಬಿಟ್ಟುಕೊಟ್ಟವಳು. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ. ಅಲ್ಲಿ 1123ರಲ್ಲಿ ಅವಳೇ ಕಟ್ಟಿಸಿದ ಬಸದಿ ಇದೆ. ಹೆಸರು ಸವತಿಗಂಧವಾರಣ ಬಸದಿ. ಅದು ಅವಳದೇ ಬಿರುದು. ಸವತಿಯರ ಪಾಲಿಗೆ ಮದವೇರಿದ ಆನೆ ಅಂತ ಅರ್ಥ! ಆ ಬಿರುದನ್ನು ಕಲ್ಲಿನಲ್ಲಿ ಕೊರೆಸಿದ ಹೆಂಗಸು ಮೂಲೆಯಲ್ಲಿ ಅಳುತ್ತಾ ಕೂತಿದ್ದಳು ಅಂತ ನನಗಂತೂ ಅನಿಸೋದಿಲ್ಲ.

ಕೋಟೆಕಲ್ಲು
ಅಬ್ಬಾ, ಇದು ಗೊತ್ತೇ ಇರಲಿಲ್ಲ. ಬಸದಿಗೆ ಹೋಗಿದ್ದೇನೆ, ಹೆಸರಿನ ಅರ್ಥ ಕೇಳಿರಲಿಲ್ಲ.

ಪುಟತಿರುವು
ಶಾಸನದವರೇ, ಆದರೆ ಶಾಂತಲೆ ಅನ್ನೋ ಹೆಸರು ಜನರ ಬಾಯಲ್ಲಿ ಉಳಿಯೋಕೆ ಕಾದಂಬರಿಗಳೂ ಕಾರಣ ಅಲ್ವಾ? ಕೆ.ವಿ. ಅಯ್ಯರ್ ಮೈಕಟ್ಟಿನ ಗುರು, ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸಿದವರು. ಅವರು ‘ಶಾಂತಲಾ’ ಬರೆದರು. ಸಿ.ಕೆ. ನಾಗರಾಜರಾವ್ ಅವರು ದೊಡ್ಡ ಗಾತ್ರದ ‘ಪಟ್ಟಮಹಾದೇವಿ ಶಾಂತಲದೇವಿ’ ಬರೆದರು, ಅದಕ್ಕೆ ಮೂರ್ತಿದೇವಿ ಪ್ರಶಸ್ತಿ ಬಂತು. ಅದನ್ನು ಓದಿಯೇ ನಾನು ಬೇಲೂರಿಗೆ ಹೋಗಿದ್ದು. ಶಾಸನ ಓದಿ ಬೇಲೂರಿಗೆ ಹೋದವರು ಎಷ್ಟು ಜನ?

ಶಾಸನಹುಚ್ಚು
ಹೋಗಲಿ ಅಂತಲೇ ನನ್ನ ಆಸೆ. ಹೋದವರು ಕಲ್ಲಿನ ಮುಂದೆ ಎರಡು ನಿಮಿಷ ನಿಲ್ಲಲಿ. ಇನ್ನೊಂದು ಹೇಳುತ್ತೇನೆ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನ ನೀರು ಬಿಟ್ಟು ಸಲ್ಲೇಖನ ಮಾಡಿ ಪ್ರಾಣ ಬಿಟ್ಟಳು. ಅದೂ ಶಾಸನದಲ್ಲಿದೆ. ಗಂಡ ಹೆಂಡತಿಯ ಪ್ರೀತಿ ಬರೆಯೋಕೆ ಎಲ್ಲರೂ ಬಂದರು. ಮಗಳ ಹಿಂದೆ ಹೋದ ಈ ತಾಯಿಯ ಪ್ರೀತಿಯನ್ನೇ ನಡುವಿಗಿಟ್ಟು ಒಂದು ಕಾದಂಬರಿ ಬರಬೇಕು.

ತುಂಗೆದಡ
ಮಾಚಿಕಬ್ಬೆ. ಈ ಹೆಸರು ಬರೆದಿಟ್ಟುಕೊಂಡೆ.

ಗಡಿಯಾಚೆ
ನಾನು ಚೆನ್ನೈನಲ್ಲಿ ಬೆಳೆದ ಕನ್ನಡಿಗ. ನಿಮಗೆಲ್ಲ ಒಂದು ಅನುಭವ ಹೇಳಬೇಕು. ಹೈಸ್ಕೂಲಿನಲ್ಲಿ ಗೆಳೆಯರು ತಮಿಳು ಲೇಖಕ ಕಲ್ಕಿಯವರ ‘ಶಿವಗಾಮಿಯಿನ್ ಶಪಥಂ’ ಓದು ಅಂತ ಕೊಟ್ಟರು. 1944ರಿಂದ 46ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ. ನರ್ತಕಿ ಶಿವಗಾಮಿ, ಪಲ್ಲವ ರಾಜಕುಮಾರ ನರಸಿಂಹವರ್ಮ, ಅವರ ಪ್ರೀತಿ. ಅವಳನ್ನು ಸೆರೆ ಹಿಡಿದು ವಾತಾಪಿಗೆ ಒಯ್ಯುತ್ತಾರೆ. ವಾತಾಪಿ ಉರಿದು ಬೂದಿಯಾಗುವವರೆಗೂ ಇಲ್ಲಿಂದ ಕದಲೋದಿಲ್ಲ ಅಂತ ಅವಳು ಶಪಥ ಮಾಡುತ್ತಾಳೆ.

ವಾತಾಪಿ ಅಂದರೆ ನಮ್ಮ ಬಾದಾಮಿ. ಖಳ ಯಾರು? ನಮ್ಮ ಇಮ್ಮಡಿ ಪುಲಿಕೇಶಿ! ಮನೆಯಲ್ಲಿ ಅಪ್ಪ ಹರ್ಷವರ್ಧನನನ್ನು ನರ್ಮದೆಯ ದಡದಲ್ಲಿ ತಡೆದ ಪುಲಿಕೇಶಿಯ ಕಥೆ ಹೇಳಿ ಬೆಳೆಸಿದ್ದರು. ಅರ್ಧ ರಾತ್ರಿ ಆ ಪುಸ್ತಕ ಹಿಡಿದು ಕೂತಿದ್ದೇನೆ, ಬಾದಾಮಿ ಉರಿಯಲಿ ಅಂತ ನಾನೇ ಹಾರೈಸುತ್ತಿದ್ದೇನೆ. ಆ ಹುಡುಗಿ ಬಿಡುಗಡೆ ಆದರೆ ಸಾಕು ಅನಿಸಿಬಿಟ್ಟಿತ್ತು. ಪುಸ್ತಕ ಮುಚ್ಚಿದ ಮೇಲೆ ಮೈ ನಡುಗಿತು. ಪ್ರೇಮಕಥೆಯ ಶಕ್ತಿ ಏನು ಅಂತ ಅವತ್ತು ತಿಳಿಯಿತು. ಅದು ನಮ್ಮನ್ನು ಎಬ್ಬಿಸಿ ಗಡಿಯ ಆಚೆ ಕೂರಿಸಿಬಿಡುತ್ತದೆ.

ಬೆಳವಲದಾಂವ
ಬಾದಾಮಿಯಲ್ಲಿ ನರಸಿಂಹವರ್ಮನ ಶಾಸನ ಇವತ್ತಿಗೂ ಬಂಡೆಯ ಮೇಲಿದೆ. ‘ವಾತಾಪಿಕೊಂಡ’ ಅಂತ ಬಿರುದು ಇಟ್ಟುಕೊಂಡವನು ಅವನು. ಚಿಕ್ಕವನಿದ್ದಾಗ ಅದನ್ನು ತೋರಿಸಿದ ಸೋದರಮಾವ, ಇದು ನಾವು ಸೋತ ಗುರುತು, ಇದನ್ನೂ ನೋಡಬೇಕು ಅಂದಿದ್ದರು.

ಶಾಸನಹುಚ್ಚು
ಅದಕ್ಕೆ ಎದುರಾಗಿ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಶಾಸನ ಇದೆ, 634ನೇ ಇಸವಿಯದು. ಪುಲಿಕೇಶಿಯನ್ನು ಹೊಗಳಿ ಬರೆದದ್ದು. ಅದರ ಕವಿ ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ಇಟ್ಟುಕೊಳ್ಳುತ್ತಾನೆ. ಆಗಲೂ ರಾಜನ ಹೆಸರು ಉಳಿಯೋಕೆ ಕವಿ ಬೇಕಿತ್ತು.

ನವ್ಯದೋದುಗ
ಗಡಿಯಾಚೆಯವರು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ. ಒಬ್ಬರ ನಾಯಕ ಇನ್ನೊಬ್ಬರಿಗೆ ಖಳ. ಇಂಥ ಕಥೆಗಳಿಂದ ಕಟ್ಟಿದ ನಾಡು ಪಕ್ಕದ ನಾಡನ್ನು ದ್ವೇಷಿಸಿಯೇ ನಿಲ್ಲಬೇಕಾಗುತ್ತದೆ.

ಗಡಿಯಾಚೆ
ಇಲ್ಲ ಸರ್, ನನಗಾಗಿದ್ದು ಉಲ್ಟಾ. ಎರಡೂ ಕಡೆಯ ಕಥೆ ಓದಿದ್ದರಿಂದ ಯಾರನ್ನೂ ದ್ವೇಷಿಸೋಕೆ ಆಗಲಿಲ್ಲ. ಒಂದೇ ಕಡೆಯದ್ದು ಓದಿದರೆ ತೊಂದರೆ.

ಪಾಠಮಾಡುವವ
ಈ ಎಲ್ಲದರ ಹಿಂದೆ ಇರುವ ಹಿರಿಯ ಸರ್ ವಾಲ್ಟರ್ ಸ್ಕಾಟ್. 1814ರಲ್ಲಿ ‘ವೇವರ್ಲಿ’ ಬಂತು, ಲೇಖಕರ ಹೆಸರೇ ಇಲ್ಲದೆ. ಅರವತ್ತು ವರ್ಷ ಹಿಂದಿನ ಕಥೆ ಅಂತ ಶೀರ್ಷಿಕೆಯ ಕೆಳಗೇ ಬರೆದಿದ್ದರು. 1745ರ ಬಂಡಾಯದ ಕಥೆ. ಇಂಗ್ಲೆಂಡಿನ ಹುಡುಗ ಸ್ಕಾಟ್ಲೆಂಡಿನ ಬೆಟ್ಟದ ಬಂಡಾಯಗಾರರ ಹುಡುಗಿ ಫ್ಲೋರಾಳಿಗೆ ಮನಸೋಲುತ್ತಾನೆ. ಕೊನೆಗೆ ಮದುವೆಯಾಗೋದು ಬಯಲಿನ ಸೌಮ್ಯ ಹುಡುಗಿ ರೋಸ್‌ಳನ್ನು. ಫ್ಲೋರಾಳ ಅಣ್ಣನಿಗೆ ಮರಣದಂಡನೆ. ಅವಳು ಫ್ರಾನ್ಸಿನ ಕ್ರೈಸ್ತ ಮಠ ಸೇರುತ್ತಾಳೆ. ಅಂದರೆ ಮನಸ್ಸು ಸೋತದ್ದು ಹಳೆಯ ಸ್ಕಾಟ್ಲೆಂಡಿಗೆ, ತಾಳಿ ಕಟ್ಟಿದ್ದು ಹೊಸ ಬ್ರಿಟನ್ನಿಗೆ. ಎರಡು ನಾಡು ಕೂಡಿಸುವ ಕೆಲಸವನ್ನು ಮದುವೆಯಿಂದ ಮಾಡಿಸಿದರು. ಎಡಿನ್‌ಬರೋದ ದೊಡ್ಡ ರೈಲು ನಿಲ್ದಾಣಕ್ಕೆ ಇವತ್ತಿಗೂ ಆ ಕಾದಂಬರಿಯ ಹೆಸರೇ.

ಕೋಟೆಕಲ್ಲು
ಪಾಠದವರೇ, ಇದನ್ನು ಓದಿ ತಲೆಯಲ್ಲಿ ಏನೋ ಹೊಳೆಯಿತು. ಅಲ್ಲೆಲ್ಲ ಕಥೆ ಮದುವೆಯಲ್ಲಿ ಮುಗಿಯುತ್ತದೆ. ಮಗುವಾದರೂ ಉಳಿಯುತ್ತದೆ. ನಮ್ಮಲ್ಲಿ? ಕನ್ನಡದ ದೊಡ್ಡ ಐತಿಹಾಸಿಕ ಕಾದಂಬರಿಗಳನ್ನು ನೆನಪು ಮಾಡಿಕೊಳ್ಳಿ. ಮಾಸ್ತಿಯವರ ‘ಚೆನ್ನಬಸವನಾಯಕ’, 1763ರಲ್ಲಿ ಬಿದನೂರು ಬಿತ್ತು. ಅವರದೇ ‘ಚಿಕವೀರ ರಾಜೇಂದ್ರ’, 1834ರಲ್ಲಿ ಕೊಡಗು ಹೋಯಿತು. ತ.ರಾ.ಸು. ಅವರ ‘ದುರ್ಗಾಸ್ತಮಾನ’, 1779ರಲ್ಲಿ ನಮ್ಮ ದುರ್ಗ ಹೋಯಿತು. ಎಲ್ಲವೂ ಬಿದ್ದ ಕಥೆ. ಹೆಸರಲ್ಲೇ ಅಸ್ತಮಾನ!

ನಾನು ಚಿತ್ರದುರ್ಗದವಳು. ‘ದುರ್ಗಾಸ್ತಮಾನ’ದಲ್ಲಿ ನಾಯಕಿ ಯಾರು ಅಂತ ಕೇಳಿದರೆ ನಾನು ಕೋಟೆ ಅಂತೀನಿ. ಮದಕರಿ ನಾಯಕನ ಪ್ರೀತಿ ಇದ್ದದ್ದು ಆ ಕಲ್ಲಿನ ಮೇಲೆ. ಕೊನೆಯ ಭಾಗ ಓದಿದ ಮೇಲೆ ನಮ್ಮಪ್ಪ ಒಂದು ವಾರ ಬೆಟ್ಟದ ಕಡೆ ಮುಖ ಹಾಕಲಿಲ್ಲ. ಮನೆ ಬಾಗಿಲಿಗೆ ಬಂದರೆ ಕಾಣುವ ಬೆಟ್ಟ ಅದು. ಆಮೇಲೊಂದು ದಿನ ಬೆಳಗಿನ ಜಾವ ನನ್ನನ್ನೂ ಎಬ್ಬಿಸಿ ಕರೆದುಕೊಂಡು ಹೋದರು. ಒನಕೆ ಓಬವ್ವನ ಕಿಂಡಿಯ ಹತ್ತಿರ ಬಂಡೆಗೆ ಅಂಗೈ ಇಟ್ಟು ನಿಂತರು. ಮಾತಿಲ್ಲ. ಬಿಸಿಲೇರುವವರೆಗೂ ಅಲ್ಲೇ ಇದ್ದೆವು. ನಾವು ಕಳೆದುಕೊಂಡದ್ದರ ಸಂಕಟವೇ ನಮ್ಮನ್ನು ಒಂದು ಮಾಡಿತು ಅಂತ ನನಗೆ ಅನಿಸುತ್ತದೆ.

ತುಂಗೆದಡ
ಎರಡು ಸಲ ಓದಿದೆ ನಿಮ್ಮ ಮಾತು.

ನವ್ಯದೋದುಗ
ಇದು ಒಳ್ಳೆಯ ನೋಟ. ಆದರೆ ಒಂದು ತೊಡಕಿದೆ ಮೇಡಂ. ಬಿದನೂರು, ದುರ್ಗ ಎರಡನ್ನೂ ಗೆದ್ದವನು ಹೈದರ್. ಅವನೂ ಕನ್ನಡ ನಾಡನ್ನೇ ಆಳಿದವನು. ಹಾಗಾದರೆ ಈ ಕಥೆಗಳಲ್ಲಿ ಹೋದದ್ದು ಯಾರದು, ಬಂದದ್ದು ಯಾರದು? ಒಂದೊಂದು ಪಾಳೆಯಪಟ್ಟಿನ ದುಃಖ ಕನ್ನಡ ನಾಡಿನ ದುಃಖ ಆಗಿದ್ದು ಹೇಗೆ?

ಬೆಳವಲದಾಂವ
ನನ್ನದೂ ಒಂದು ತಕರಾರು. ಗಳಗನಾಥರ 1923ರ ಪುಸ್ತಕ ಹುಟ್ಟಿನ ಕಥೆ, ಬಿದ್ದ ಕಥೆ ಅಲ್ಲ.

ಪಾಠಮಾಡುವವ
ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ನಾಡು ಐದು ಕಡೆ ಹಂಚಿಹೋಗಿದ್ದಾಗ, ಮೈಸೂರು, ಮುಂಬೈ, ಮದ್ರಾಸು, ನಿಜಾಮರ ಸೀಮೆ, ಕೊಡಗು, ಆಗ ಬೇಕಾಗಿದ್ದು ಕಟ್ಟುವ ಕಥೆ. ಅದು ಗಳಗನಾಥರದ್ದು. ನಾಡು ಒಂದಾಗುವ ಹೊತ್ತಿಗೆ, ಒಂದಾದ ಮೇಲೆ, ಲೇಖಕರಿಗೆ ಧೈರ್ಯ ಬಂತು. ನಾವು ಯಾಕೆ ಸೋತೆವು, ಒಳಗಿನವರೇ ಹೇಗೆ ಕೆಡಿಸಿದರು ಅಂತ ಕೇಳುವ ಧೈರ್ಯ. ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. ಏಕೀಕರಣವೂ ಅದೇ ವರ್ಷ.

ಮಡಿಕೇರಿಮಳೆ
ಅದೇ ವರ್ಷ ನಮ್ಮ ಕೊಡಗು ತನ್ನ ಪ್ರತ್ಯೇಕ ರಾಜ್ಯದ ಸ್ಥಾನ ಬಿಟ್ಟು ಮೈಸೂರಿಗೆ ಸೇರಿದ್ದು. ನಿಮಗೆಲ್ಲ ಅದು ಕೂಡಿದ ವರ್ಷ. ನಮ್ಮ ಹಿರಿಯರಲ್ಲಿ ಕೆಲವರಿಗೆ ಎರಡನೇ ಸಲ ನಾಡು ಹೋದ ವರ್ಷ. ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ಆ ಕಾದಂಬರಿ ನನಗೆ ತುಂಬಾ ಇಷ್ಟ. ರಾಣಿ ಗೌರಮ್ಮನ ಪಾತ್ರ ಓದುವಾಗ ಕಣ್ಣು ತುಂಬುತ್ತದೆ. ಕೆಟ್ಟ ಗಂಡನನ್ನೂ ಬಿಡಲಾರಳು, ನಾಡನ್ನೂ ಬಿಡಲಾರಳು. ಆದರೆ ‘ಕನ್ನಡ ನಾಡು ಒಂದು’ ಅಂತ ದೊಡ್ಡ ಮಾತಾಡುವಾಗ ಕೊಡವ, ತುಳು, ಬ್ಯಾರಿ ಮಾತಾಡುವವರ ಕಥೆ ಯಾವ ಪುಟದಲ್ಲಿ ಬರುತ್ತದೆ ಅಂತ ಕೇಳಲೇಬೇಕು. ನಿರಂಜನರ ‘ಕಲ್ಯಾಣಸ್ವಾಮಿ’ ಓದಿ. 1837ರಲ್ಲಿ ಸುಳ್ಯ, ಪುತ್ತೂರು, ಕೊಡಗಿನ ರೈತರು ಕಂಪನಿಯ ವಿರುದ್ಧ ಎದ್ದು ಮಂಗಳೂರಿನವರೆಗೆ ನಡೆದ ಕಥೆ. ಅಲ್ಲಿ ರಾಜ ಇಲ್ಲ, ಜನ ಇದ್ದಾರೆ.

ತುಂಗೆದಡ
ನೀವು ಹೇಳಿದ್ದು ನ್ಯಾಯ. ನಾನು ‘ಕನ್ನಡ ನಾಡು ಒಂದು’ ಅಂತ ಸಲೀಸಾಗಿ ಬರೆದೆ. ಒಂದಾಗುವಾಗ ಯಾರಿಗೆ ನೋವಾಯಿತು ಅನ್ನೋದನ್ನೂ ಸೇರಿಸಿ ಬರೆಯಬೇಕಿತ್ತು.

ಮಲೆನಾಡಿಗ
ರಾಜ ಇಲ್ಲದ ಐತಿಹಾಸಿಕ ಪ್ರೇಮಕಥೆ ಬೇಕಾ? ‘ಮಲೆಗಳಲ್ಲಿ ಮದುಮಗಳು’. ಬಂದದ್ದು 1967ರಲ್ಲಿ, ಕಥೆ ನಡೆಯೋದು 1890ರ ದಶಕದಲ್ಲಿ. ಕುವೆಂಪು ಹುಟ್ಟಿದ್ದೇ 1904ರಲ್ಲಿ, ಅಂದರೆ ಅವರು ಕಾಣದ ಕಾಲ. ಸ್ಕಾಟ್ ಅರವತ್ತು ವರ್ಷ ಹಿಂದೆ ಹೋದರೆ ಇವರು ಎಪ್ಪತ್ತು ದಾಟಿದರು. ಆದರೆ ಕೋಟೆ ಇಲ್ಲ, ಕತ್ತಿ ಇಲ್ಲ. ಜೀತದಾಳು ಗುತ್ತಿ ತನ್ನ ತಿಮ್ಮಿಯನ್ನು ಕರೆದುಕೊಂಡು ಕಾಡಿನಲ್ಲಿ ಓಡುತ್ತಾನೆ, ಜೊತೆಗೆ ಹುಲಿಯ ಅನ್ನೋ ನಾಯಿ. ಮುಕುಂದಯ್ಯ ಚಿನ್ನಮ್ಮ ಇದ್ದಾರೆ, ಐತ ಪೀಂಚಲು ಇದ್ದಾರೆ. ಮೂರು ಜೋಡಿಗೂ ಒಂದೇ ತೂಕ. ನಾಡು ಯಾರದು ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ಓದಿಲ್ಲ.

ಕೋಟೆಕಲ್ಲು
ಹುಲಿಯನ ಹೆಸರು ಎತ್ತಬೇಡಿ. ಈಗಲೂ ಗಂಟಲು ಕಟ್ಟುತ್ತದೆ.

ನವ್ಯದೋದುಗ
ಮಲೆನಾಡಿಗರೇ, ಅದನ್ನು ನಾನು ಯಾವತ್ತೂ ಐತಿಹಾಸಿಕ ಕಾದಂಬರಿ ಅಂತ ಓದಿರಲಿಲ್ಲ. ಹಾಗೆ ಓದಿದರೆ ನನ್ನ ಮೊದಲ ಮಾತು ಅರ್ಧ ತಿದ್ದಬೇಕಾಗುತ್ತದೆ. ರಾಜಕುಮಾರಿಯರ ದಾರಿ, ಜನರ ದಾರಿ ಅಂತ ನಾನು ಎರಡು ಮಾಡಿದೆ. ಎಲ್ಲೋ ಅವು ಕೂಡಿಕೊಂಡಿವೆ. ಭಾಷೆಯ ಬಗ್ಗೆ ಹೇಳಿದ್ದನ್ನು ಮಾತ್ರ ಬಿಡೋದಿಲ್ಲ. ನಾಟಕದ ಮಾತು ನಾಟಕದ ಮಾತೇ.

ಪುಟತಿರುವು
ಹೊಸದಾಗಿ ಓದುವವರಿಗೆ ಯಾವುದರಿಂದ ಶುರು ಮಾಡಿಸಬೇಕು? ನನ್ನ ತಂಗಿ ಕೇಳುತ್ತಿದ್ದಾಳೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಓದಿ ಮುಗಿಸಿದಳು. ಲಿಸ್ಬನ್‌ನಿಂದ ವಿಜಯನಗರದವರೆಗೆ ಹರಿಯುವ ಕಥೆ. ಈಗ ಹಳೆಯದು ಬೇಕಂತೆ.

ಕೋಟೆಕಲ್ಲು
ತ.ರಾ.ಸು. ಅವರ ‘ಕಂಬನಿಯ ಕುಯಿಲು’ ಕೊಡಿ. ಅದರ ಬೆನ್ನಿಗೇ ‘ರಕ್ತರಾತ್ರಿ’, ‘ತಿರುಗುಬಾಣ’ ಕೈಗೆಟುಕುವ ಹಾಗೆ ಇಟ್ಟಿರಿ. ದಳವಾಯಿ ಮುದ್ದಣ್ಣನ ಕುತಂತ್ರ ಶುರುವಾದ ಮೇಲೆ ಅವಳು ಕೆಳಗಿಡೋದಿಲ್ಲ.

ಬೆಳವಲದಾಂವ
ತುಂಗೆದಡ ಅಕ್ಕಾ, ಒಂದು ವಿಷಯ. ನಮ್ಮ ಮನೆಯಲ್ಲಿ ‘ಮಾಧವ ಕರುಣಾ ವಿಲಾಸ’ದ ಪೂರ್ತಿ ಪ್ರತಿ ಇದೆ. ನಿಮ್ಮದರಲ್ಲಿ ಯಾವ ಪುಟಕ್ಕೆ ನಿಂತಿದೆ ಅಂತ ಹೇಳಿ. ಅಲ್ಲಿಂದ ಮುಂದಿನದ್ದು ಫೋಟೋ ತೆಗೆದು ಕಳಿಸುತ್ತೇನೆ.

ತುಂಗೆದಡ
ಕಳಿಸಿ ಅಣ್ಣ, ಖಂಡಿತ ಕಳಿಸಿ. ಪುಟದ ನಂಬರು ಇಲಿ ತಿಂದಿದೆ, ಕೊನೆಗೆ ಉಳಿದ ಸಾಲು ನಾಳೆ ಬರೆದು ಹಾಕುತ್ತೇನೆ. ಅಮ್ಮನಿಗೆ ಈಗಷ್ಟೇ ಹೇಳಿದೆ. ಮೊದಲು ಅಜ್ಜಿ ಹೇಳುತ್ತಿದ್ದ ಕೊನೆಗಳನ್ನು ನೆನಪಿದ್ದಷ್ಟು ಬರೆದಿಟ್ಟುಕೋ, ಆಮೇಲೆ ಪುಸ್ತಕದ್ದು ಓದು ಅಂತಿದ್ದಾರೆ. ನೋಟ್‌ಬುಕ್ಕು ತೆಗೆದುಕೊಂಡು ಕೂತಿದ್ದೇವೆ.